ನಾಲ್ಕನೇ ಮೆಷಿನ್ನಿನ ಹಠ

ಜುಲೈ ೮, ಸೋಮವಾರ

ಪರೀಕ್ಷಾ ಮಂಡಳಿಯ ಪತ್ರ ಬಂತು. ಈ ವರ್ಷದಿಂದ ಟೈಪಿಂಗ್ ಪರೀಕ್ಷೆ ಆನ್‌ಲೈನ್ ಅಂತೆ. ಆಗಸ್ಟ್ ೨೬ಕ್ಕೆ ತಪಾಸಣೆಯವರು ಬರುತ್ತಾರೆ. ಎಂಟೂ ಕಂಪ್ಯೂಟರ್ ಎರಡು ತಾಸು ಎಲ್ಲೂ ನಿಲ್ಲದೆ ನಡೆಯಬೇಕು. ಒಂದು ನಿಂತರೂ ಮೂಡಲಗಿಯ ನಮ್ಮ ಟೈಪಿಂಗ್ ಕೇಂದ್ರ ರದ್ದು. ನಮ್ಮ ಹೆಣ್ಣುಮಕ್ಕಳೆಲ್ಲ ಕ್ಲಾಸಿಗೂ ಪರೀಕ್ಷೆಗೂ ಗೋಕಾಕಕ್ಕೆ ಓಡಾಡಬೇಕು.

ನಮ್ಮ ಎಂಟು ಕಂಪ್ಯೂಟರ್‌ಗಳ ಯೋಗ್ಯತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಕ್ಲಾಸು ಕಟ್ಟಿದ ಅಪ್ಪ ಕಡೆಗಾಲದಲ್ಲಿ ಟೈಪ್‌ರೈಟರ್‌ಗಳನ್ನು ತೆಗೆದು ಇವನ್ನು ಕೂರಿಸಿದ. ಅದೂ ಯಾವುದೋ ಕಚೇರಿಯವರು ಬಳಸಿ ಬಿಟ್ಟವು. ಇವುಗಳ ವಿಂಡೋಸ್ ಎಷ್ಟು ಹಳೆಯದೆಂದರೆ ಮಂಡಳಿಯ ವೆಬ್‌ಸೈಟ್ ಅದರಲ್ಲಿ ತೆರೆಯುವುದೇ ಇಲ್ಲ. ಅದು ಸಾಲದೆಂದು ಅರ್ಧ ತಾಸಿಗೊಮ್ಮೆ ಪರದೆ ಕಲ್ಲಿನಂತೆ ನಿಂತುಬಿಡುತ್ತದೆ. ಎಂಟು ಹೊಸವನ್ನು ತರುವ ಶಕ್ತಿ ನನಗಿಲ್ಲ.

ಸಾತವ್ವನಿಗೆ ಪತ್ರ ಓದಿ ಹೇಳಿದೆ. ನಾಗನೂರಿನವಳು, ಎರಡು ಮಕ್ಕಳ ತಾಯಿ, ಇಡೀ ಕ್ಲಾಸಿನಲ್ಲಿ ಅವಳಷ್ಟು ಚುರುಕು ಬೆರಳು ಇನ್ನೊಬ್ಬರಿಗಿಲ್ಲ. ಮಕ್ಕಳು ಸಾಲಿಯಿಂದ ಬರುವುದರೊಳಗೆ ಮನೆ ಮುಟ್ಟಬೇಕೆಂಬ ಕರಾರಿನ ಮೇಲೆ ಅತ್ತೆ ಅವಳನ್ನು ಕಳಿಸುತ್ತಾಳೆ.

“ಗೋಕಾಕ ಅಂದ್ರ ನಂದು ಇಲ್ಲಿಗೇ ಮುಗೀತ್ರಿ ಟೀಚರ್,” ಅಂದಳು. ಅಳಲಿಲ್ಲ. ಕುರ್ಚಿ ಎಳೆದುಕೊಂಡು ಟೈಪ್ ಮಾಡಲು ಕೂತಳು. ನನಗೆ ಅದೇ ಹೆಚ್ಚು ಸಂಕಟವಾಯಿತು.

ಜುಲೈ ೧೪, ರವಿವಾರ

ಹುಕ್ಕೇರಿಯಿಂದ ರಿಪೇರಿಯವನು ಬಂದಿದ್ದ. ಯಲ್ಲಾರಿ ಅಂತ ಹೆಸರು. ಐವತ್ತರ ಹತ್ತಿರ ಇರಬೇಕು, ತಲೆ ಅರ್ಧ ನೆರೆತಿದೆ. ಅಲ್ಲಿನ ಬಸ್ ಸ್ಟ್ಯಾಂಡಿನ ಬಾಜೂಕೆ ಅಂಗಡಿ, ಹುಟ್ಟೂರು ದಡ್ಡಿ. ಕೂತು ನೀರು ಕುಡಿಯುವುದರೊಳಗೆ ಅವ್ವ ತನ್ನ ಪ್ರಶ್ನೆ ಕೇಳಿಯೇಬಿಟ್ಟಳು: “ಯಾರ ಪೈಕಿ ನೀವು?”

“ಬುದ್ಧನ ಪೈಕಿರಿ. ಅಜ್ಜಾರ ಕಾಲದಿಂದ,” ಅಂದ ಆತ, ನಗುತ್ತಲೇ.

ಯಾವ ಕೇರಿಯೆಂದು ತಿಳಿದ ಅವ್ವನ ಕಣ್ಣು ಆತನ ಕೈಯಲ್ಲಿದ್ದ ನೀರಿನ ಲೋಟದ ಮೇಲೆ ಹೋಯಿತು. ನಾನು ನಾಚಿಕೆಯಿಂದ ನೆಲ ನೋಡಿದೆ. ಆತನೇ ಮುಂದುವರಿಸಿದ. ಮೂವತ್ತು ವರ್ಷದ ಹಿಂದೆ ನಾಗನೂರಿನ ಅತ್ತೆಯ ಮನೆಯಲ್ಲಿದ್ದುಕೊಂಡು ಇಲ್ಲೇ ಟೈಪಿಂಗ್ ಕಲಿತನಂತೆ. “ಮಾಸ್ತರು ನನ್ನ ಮುಂದಿನ ಬಾಕದ ಮ್ಯಾಲ ಕುಂದ್ರಸ್ತಿದ್ರು. ಮೂರನೇ ಮೆಷಿನ್ ನಂದು.” ಅಪ್ಪನ ಹೆಸರು ಬಂದ ಮೇಲೆ ಅವ್ವ ಚಹಾ ಇಡಲು ಎದ್ದಳು.

ಒಂದನೇ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಬ್ಯಾಟರಿ ದೀಪ ಹಿಡಿದು ಬಹಳ ಹೊತ್ತು ಒಳಗೆ ನೋಡಿದ. ಆಮೇಲೆ ಹೊರಗೆ ನೋಡಿದ.

“ಇದರ ಮಗ್ಗಲಾಗ ಬೆಳ್ಳಗ ಹತ್ತೇತಲ್ಲ, ಏನ್ರಿ ಇದು ಮೇಡಮ್ಮರ?”

“ವಿಭೂತಿ. ಸೋಮವಾರಕ್ಕೊಮ್ಮೆ ಹಚ್ತೇವ್ರಿ. ಅಪ್ಪಾ ಟೈಪ್‌ರೈಟರ್‌ಗೆ ಹಚ್ತಿದ್ದ.”

ಅಪ್ಪ ಎಡಮಗ್ಗುಲಿಗೇ ಮೂರು ಬೆರಳು ಎಳೆಯುತ್ತಿದ್ದ. ಮುಂದೆ ಹಚ್ಚಿದರೆ ಬೆರಳಿಗೆ ಹತ್ತಿ ಹಾಳೆಯ ಮೇಲೆ ಬೀಳುತ್ತದೆ ಅಂತ. ಕಂಪ್ಯೂಟರ್ ಡಬ್ಬಿಯ ಎಡಮಗ್ಗುಲಲ್ಲಿ ಜರಡಿಯಂತೆ ತೂತುಗಳಿವೆ. ನಾನೂ ಅಲ್ಲೇ ಹಚ್ಚುತ್ತೇನೆ. ಕ್ಲಾಸು ಶುರುವಾಗುವ ಮೊದಲು ವಿಭೂತಿ ಹಚ್ಚದಿದ್ದರೆ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆ ಅನ್ನಿಸುತ್ತದೆ ನನಗೆ.

“ಹೌದ್ರಿ, ಮಾಸ್ತರು ಹಚ್ಚೂದು ನೋಡೀನಿ,” ಅಂದ. ಇನ್ನೇನೋ ಹೇಳುವವನಿದ್ದ, ಬಿಟ್ಟ. ಡಬ್ಬಿ ಮುಚ್ಚಿದ.

ವಿಂಡೋಸ್ ತೆಗೆದು ಲಿನಕ್ಸ್ ಅನ್ನುವ ಬೇರೆ ತಂತ್ರಾಂಶ ಹಾಕಬೇಕಂತೆ. ಪುಕ್ಕಟೆ ಸಿಗುತ್ತದೆ, ಆದರೆ ಅದರಲ್ಲಿ ನೂರಾರು ನಮೂನೆ. “ನೆಲ ನೋಡಿ ಜ್ವಾಳದ ಬೀಜ ಆರಿಸ್ತೇವಲ್ರಿ, ಹಂಗ ಮೆಷಿನ್ ನೋಡಿ ಲಿನಕ್ಸ್ ಆರಿಸಬೇಕು. ಹಳೇ ಮೆಷಿನ್ನಿಗೆ ಭಾರದ್ದು ಹಾಕಿದ್ರ ಏಳೂದಿಲ್ಲ.” ಮೊದಲು ಆರು ಮೆಷಿನ್ನಿಗೆ ಮಿಂಟ್ ಅಂತ ಒಂದು ಹಾಕಿದ, ಮಿಕ್ಕ ಎರಡು ಬರುವ ವಾರಕ್ಕೆ. ಸಂಜೆತನಕ ಚೆನ್ನಾಗಿ ನಡೆಯಿತು. ಮನುಷ್ಯ ಮಾತು ಕಡಿಮೆ ಆಡುತ್ತಾನೆ, ಕೈ ನೀಟಾಗಿದೆ. ನೋಡೋಣ.

ಜುಲೈ ೧೭, ಬುಧವಾರ

ನೋಡಿದ್ದಾಯಿತು. ರವಿವಾರ ಬಂಗಾರದಂತಿದ್ದವು, ಸೋಮವಾರ ಮಧ್ಯಾಹ್ನ ಎರಡು ನಿಂತವು, ಇವತ್ತು ಐದು. ಮಂಡಳಿಯ ವೆಬ್‌ಸೈಟ್ ಏನೋ ಚೆಂದ ತೆರೆಯುತ್ತದೆ. ತೆರೆದ ಪುಟವನ್ನು ಪೂಜೆಗೆ ಇಡಲೇ? ಹುಕ್ಕೇರಿಗೆ ಫೋನ್ ಮಾಡಿ ಹರಿಹಾಯ್ದೆ. ಯಲ್ಲಾರಿಯವರು ಸಮಾಧಾನದಿಂದ ಕೇಳಿಕೊಂಡು, “ಬರೂ ರವಿವಾರ ಬ್ಯಾರೆ ಹಾಕೂನ್ರಿ,” ಅಂದರು.

ಜುಲೈ ೨೧, ರವಿವಾರ

ಯಲ್ಲಾರಿಯವರು ಏಳಕ್ಕೇ ಬಂದು ಅವ್ವನ ಹತ್ತಿರ ಕೀಲಿ ಇಸಿದುಕೊಂಡಿದ್ದಾರೆ. ನಾನು ಸ್ನಾನ ಮುಗಿಸಿ ಬಂದಾಗ ಒಂದನೇ ಮೆಷಿನ್ನಿನ ಡಬ್ಬಿಯನ್ನು ಗಡಬಡಿಸಿ ಮುಚ್ಚುತ್ತಿದ್ದರು.

“ಏನ್ ಮಾಡಾಕತ್ತೀರಿ?”

“ಧೂಳ ಝಾಡಸಾಕತ್ತೇನ್ರಿ.”

ಇವತ್ತು ಲುಬುಂಟು. ಮಿಂಟಿಗಿಂತ ಹಗುರಂತೆ. ಆರಕ್ಕೆ ಹತ್ತಿತು, ಏಳು ಮತ್ತು ಎಂಟಕ್ಕೆ ಹತ್ತಲಿಲ್ಲ. ಅವೆರಡೂ ೩೨ ಬಿಟ್‌ನ ಹಳೇ ತಲೆಗಳು. ಈಗಿನ ಬಹಳಷ್ಟು ಲಿನಕ್ಸ್ ಅಂಥವನ್ನು ಕೈಬಿಟ್ಟಿವೆಯಂತೆ. “ಕೈ ಬಿಡದಂಥಾವೂ ಅದಾವ್ರಿ, ಹುಡಕಬೇಕು,” ಅಂದರು. ಯಾವ ಮೆಷಿನ್ ಎಷ್ಟು ನಿಮಿಷ ನಡೆಯಿತು ಅಂತ ಒಂದು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ನನ್ನ ಹಾಜರಿ ಪುಸ್ತಕಕ್ಕಿಂತ ನೀಟಾಗಿದೆ ಅದು.

ಅವ್ವನಿಗೆ ಗೋಕಾಕದಿಂದ ಕರದಂಟು ತಂದಿದ್ದರು. ಬಾಯಲ್ಲಿ ನಾಲ್ಕು ಹಲ್ಲಿಲ್ಲದ ಮುದುಕಿಗೆ ಕರದಂಟು! ಅವ್ವ ಅದನ್ನು ದವಡೆಯಲ್ಲಿ ಇಟ್ಟುಕೊಂಡು ಸಂಜೆತನಕ ಚಪ್ಪರಿಸಿದಳು.

ಜುಲೈ ೨೪, ಬುಧವಾರ

ಮತ್ತೆ ಅದೇ ರಾಗ. ರವಿವಾರ ನೆಟ್ಟಗೆ, ವಾರ ಹಿಡಿದರೆ ಮೊಂಡು. ಒಂದನೆಯದು ಮಾತ್ರ ಯಾಕೋ ತಣ್ಣಗೆ ನಡೆದಿದೆ. ಸಾತವ್ವ, “ಯಾರದೋ ದೃಷ್ಟಿ ಬಡದೈತ್ರಿ ಟೀಚರ್,” ಅಂದಳು. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಇವತ್ತಿನಿಂದ ದಿನಾ ವಿಭೂತಿ ಹಚ್ಚುತ್ತಿದ್ದೇನೆ, ಸ್ವಲ್ಪ ದಪ್ಪಗೆ.

ಜುಲೈ ೨೮, ರವಿವಾರ

ಘಟಪ್ರಭೆ ತುಂಬಿದೆ. ಗೋಕಾಕದ ಹತ್ತಿರ ಸೇತುವೆಯ ಮೇಲೆ ನೀರು, ಬಸ್ ಬಂದ್. ಯಲ್ಲಾರಿಯವರು ಬರುವುದಿಲ್ಲ ಅಂತ ಬೆಳಗಿನಿಂದ ಕಿರಿಕಿರಿ. ತಪಾಸಣೆಗೆ ನಾಲ್ಕೇ ವಾರ, ಕಿರಿಕಿರಿ ಆಗದೆ ಇನ್ನೇನು?

ಎರಡು ಗಂಟೆಗೆ ಬಾಗಿಲಲ್ಲಿ ನಿಂತಿದ್ದರು. ಎಲ್ಲೆಲ್ಲೋ ಸುತ್ತು ಹೊಡೆದು ಮೋಟಾರ್ ಸೈಕಲ್ ಮೇಲೆ ಬಂದಿದ್ದಾರೆ. ಮೊಣಕಾಲತನಕ ಕೆಸರು, ಪೆನ್‌ಡ್ರೈವ್ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗೆ.

“ಇಷ್ಟ ತ್ರಾಸ ಯಾಕ್ ತಗೊಂಡ್ರಿ? ಒಂದ್ ವಾರ ತಡದಿದ್ರ ಏನಾಗ್ತಿತ್ತು?” ಅಂತ ಬೈದೆ. ಅಪ್ಪನ ಪಂಚೆ ತೆಗೆದುಕೊಟ್ಟು, ಅವರ ಪ್ಯಾಂಟನ್ನು ಒಲೆಯ ಹತ್ತಿರ ಒಣಹಾಕಿದೆ. ಪಂಚೆ ಉಟ್ಟುಕೊಂಡು ಗಂಭೀರವಾಗಿ ಎಂಎಕ್ಸ್ ಲಿನಕ್ಸ್ ಹಾಕಿದರು. ಏಳು, ಎಂಟೂ ಎದ್ದವು. ಅವ್ವ ಆ ಪಂಚೆ ನೋಡಿ ಒಂದು ಗಳಿಗೆ ಕಣ್ಣು ಒರೆಸಿಕೊಂಡಳು. ಆಮೇಲೆ ರೊಟ್ಟಿ ಬಡಿಯಲು ಕೂತಳು. ಅಡಿಗೆಮನೆಯಲ್ಲೇ ಮಣೆ ಹಾಕಿ ಬಡಿಸಿದಳು. ಅವರು ನಾಲ್ಕು ರೊಟ್ಟಿ ಉಂಡರು.

ಜುಲೈ ೩೧, ಬುಧವಾರ

ನಾಲ್ಕು ನಿಂತವು. ಬರೆಯಲು ಮನಸ್ಸಿಲ್ಲ.

ಆಗಸ್ಟ್ ೪, ರವಿವಾರ

ಇವತ್ತಿನದರ ಹೆಸರು ಆಂಟಿಎಕ್ಸ್. ಅಂದಚೆಂದ ಒಂದಿಷ್ಟೂ ಇಲ್ಲ, ಕಂದು ಬಣ್ಣದ ಬೋಳು ಪರದೆ. ಅಷ್ಟು ಒಳ್ಳೆಯ ಮಿಂಟ್ ಬಿಟ್ಟು ಇದ್ಯಾಕೆ ಅಂದೆ.

“ಇದು ಎಲ್ಲಾಕ್ಕಿಂತ ಹಗುರ್ರಿ. ಮೆಷಿನ್ನಿಗೆ ದುಡಿತ ಕಡಿಮಿ, ಬಿಸಿ ಕಡಿಮಿ. ಗಾಳಿ ಕಡಿಮಿ ಬಿದ್ರೂ ತಡ್ಕೋತೈತಿ.”

“ಗಾಳಿ ಯಾಕ್ ಕಡಿಮಿ ಬೀಳ್ತೈತ್ರಿ?”

ಅವರು ಸ್ಕ್ರೂಡ್ರೈವರ್ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು. “ವಯಸ್ಸಾಗೇತಲ್ರಿ ಸುಜಾತಾ ಅವರ,” ಅಂದರು.

“ಯಾರಿಗೆ, ಮೆಷಿನ್ನಿಗೋ ನನಗೋ?” ಅಂತ ಕೇಳಿದೆ. ಕಿವಿ ಕೆಂಪಾಯಿತು ಅವರಿಗೆ. ನಲವತ್ತೇಳಕ್ಕೆ ಇಂಥ ಮಾತು ಯಾಕೆ ಆಡಿದೆನೋ. ಕನ್ನಡ ಕೀಲಿಮಣೆ ಕೂರಿಸಿಕೊಟ್ಟು ಸಾತವ್ವನಿಗೆಂದು ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಹೋದರು. ಅವಳಿಗೆ ಕಣ್ಣು ಮಂದವೆಂದು ನಾನು ಎಂದೋ ಒಮ್ಮೆ ಹೇಳಿದ್ದೆ.

ಆಗಸ್ಟ್ ೯, ಶುಕ್ರವಾರ. ಪಂಚಮಿ

ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಿದೆವು. ಒಂದು ಡಬ್ಬಿ ತೆಗೆದಿಟ್ಟೆ.

“ಅದ್ ಯಾರಿಗೆ?” ಅಂದಳು ಅವ್ವ.

“ರವಿವಾರ ಬರ್ತಾರಲ್ಲ, ಅವರಿಗೆ.”

“ಯಾವ ಅವರಿಗೆ?”

ಮುದುಕಿಗೆ ಬೇಕಂತಲೇ ಮರೆವು.

ಆಗಸ್ಟ್ ೧೪, ಬುಧವಾರ

ಈಗ ಒಂದು, ಎರಡು, ಮೂರು ನಿಲ್ಲುವುದೇ ಇಲ್ಲ. ಎರಡೂವರೆ ತಾಸು ನಡೆಸಿ ನೋಡಿದೆ. ಆಂಟಿಎಕ್ಸ್‌ನ ಗುಣ ಅನ್ನೋಣವೆಂದರೆ ಅದು ಎಂಟರಲ್ಲೂ ಇದೆ. ಮಿಕ್ಕವು ಒಂದು ತಾಸಿಗೆ ಸುಸ್ತು. ಎಲ್ಲಕ್ಕಿಂತ ಹಠಮಾರಿ ನಾಲ್ಕನೆಯದು, ಸಾತವ್ವ ಕೂರುವ ಮೆಷಿನ್. ಅದಕ್ಕೆ ವಿಭೂತಿ ಎರಡು ಸಲ ಹಚ್ಚುತ್ತೇನೆ, ಬೆಳಿಗ್ಗೆ ಮತ್ತು ದೀಪ ಹಚ್ಚುವ ಹೊತ್ತಿಗೆ.

ಆಗಸ್ಟ್ ೧೮, ರವಿವಾರ

ಬಸ್ ತಡವಾಯಿತಂತೆ, ಅವರು ಬಂದಾಗ ಹತ್ತಾಗಿತ್ತು. ನನ್ನ ಸ್ನಾನ ಪೂಜೆ ಎಲ್ಲ ಮುಗಿದಿತ್ತು. ಯಾಕೋ ಇಡೀ ದಿನ ಚಡಪಡಿಸಿದರು. “ನೀವು ಒಳಗ ಹೋಗಿ ಅವ್ವಾರನ್ನ ನೋಡ್ರಿ,” ಅಂತ ಮೂರು ಸಲ ಅಂದರು. ನಾನು ಕದಲಲಿಲ್ಲ. ಹೋಗುವಾಗ ಮುಖ ಬಾಡಿತ್ತು. ನನ್ನ ಜೊತೆ ಕೂರುವುದು ಅಷ್ಟು ಬೇಸರವೇ ಈ ಮನುಷ್ಯನಿಗೆ?

ಆಗಸ್ಟ್ ೨೦, ಮಂಗಳವಾರ

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಬೆಳಿಗ್ಗೆ ನಾಲ್ಕನೆಯದು ಪೂರಾ ಸತ್ತಿತು. ಗೊರಗೊರ ಸದ್ದು ಮಾಡಿ ಆರಿಹೋಯಿತು. ಸಾತವ್ವ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಆರೇ ದಿನ ಉಳಿದಿವೆ. ಎಲ್ಲರನ್ನೂ ಮನೆಗೆ ಕಳಿಸಿ, ಯಲ್ಲಾರಿಯವರು ಬಿಚ್ಚುವುದನ್ನು ನೋಡಿದ್ದೆನಲ್ಲ, ನಾನೇ ಸ್ಕ್ರೂ ತಿರುಗಿಸಿದೆ.

ಒಳಗೆ ಬೂದಿ. ಪಂಖದ ರೆಕ್ಕೆಗಳಿಗೆ, ಅದರ ಕೆಳಗಿನ ತಗಡುಗಳ ಸಂದಿಗೆ, ತಂತಿಗಳ ಮೇಲೆ, ಬೆರಳು ದಪ್ಪದ ಬೂದಿ. ಮುಟ್ಟಿ ಮೂಸಿದೆ. ನನಗೆ ಗೊತ್ತಿಲ್ಲದ ವಾಸನೆಯೇ ಅದು? ಹುಟ್ಟಿದಾಗಿನಿಂದ ನನ್ನ ಹಣೆಯ ಮೇಲಿರುವುದು. ಜರಡಿಯಂಥ ತೂತುಗಳು ಗಾಳಿ ಎಳೆಯಲಿಕ್ಕೆ ಇದ್ದವು. ಗಾಳಿಯ ಜೊತೆ ನನ್ನ ವಿಭೂತಿಯನ್ನೂ ಎಳೆದುಕೊಂಡು ಮೆಷಿನ್ ಉಸಿರು ಕಟ್ಟಿತ್ತು. ರವಿವಾರ ಕ್ಲಾಸಿಲ್ಲ, ದುಡಿತ ಕಡಿಮೆ, ಅದಕ್ಕೇ ಆವತ್ತು ಹೇಗೋ ತಡೆದುಕೊಳ್ಳುತ್ತಿತ್ತು. ಲಿನಕ್ಸ್‌ನದೂ ತಪ್ಪಿಲ್ಲ, ವಿಂಡೋಸ್‌ನದೂ ಇಲ್ಲ. ಇಷ್ಟು ವರ್ಷ ಮೆಷಿನ್‌ಗಳ ಗಂಟಲು ಹಿಸುಕುತ್ತ ಬಂದವಳು ನಾನು.

ಆಮೇಲೆ ಒಂದನೆಯದನ್ನು ಬಿಚ್ಚಿದೆ. ಒಳಗೆ ಕನ್ನಡಿಯಷ್ಟು ಸ್ವಚ್ಛ. ತೂತುಗಳ ಹಿಂದೆ, ಒಳಮಗ್ಗುಲಲ್ಲಿ, ತೆಳ್ಳನೆಯ ಬಿಳಿ ಅರಿವೆ. ಅಂಚು ಮಡಚಿ ಕೈಯಿಂದ ಹೊಲಿದದ್ದು, ನಾಲ್ಕು ಮೂಲೆಗೆ ಅಂಟು. ಅರಿವೆಯ ಮೇಲೆ ವಿಭೂತಿ ತೂತುಗಳಿಂದ ಇಳಿದು ಮೂರು ಗೆರೆಯಾಗಿ ಮೂಡಿತ್ತು. ನನ್ನ ಮೂರು ಬೆರಳು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲೂ.

ಅವರಿಗೆ ಮೊದಲ ದಿನವೇ ಗೊತ್ತಿತ್ತು. ನಾನು ಸ್ನಾನ ಮುಗಿಸಿ ಬರುವುದರೊಳಗೆ ಒಂದು ಮೆಷಿನ್ನಿಗಷ್ಟೇ ಹೊಂದಿಸಲು ಆಗುತ್ತಿತ್ತು. ಅರಿವೆ ಕಟ್ಟಿದರೆ ಗಾಳಿ ಕಡಿಮೆ, ಅದಕ್ಕೇ ಮಿಂಟ್ ಹೋಗಿ ಲುಬುಂಟು, ಅದು ಹೋಗಿ ಎಂಎಕ್ಸ್, ಅದು ಹೋಗಿ ಆಂಟಿಎಕ್ಸ್. ನನ್ನ ಬೆರಳನ್ನು ತಡೆಯುವ ಬದಲು ಲಿನಕ್ಸ್‌ನ ಭಾರ ಇಳಿಸುತ್ತ ಬಂದಿದ್ದಾರೆ ಈ ಮನುಷ್ಯ.

ಫೋನ್ ಮಾಡಿದೆ. ಮೊದಲು ಸಿಟ್ಟೇ ಬಂತು. “ಒಂದ್ ಮಾತ್ ಹೇಳಿದ್ರ ಏನಾಗ್ತಿತ್ರಿ? ಐದು ವಾರ ಹೋತಲ್ಲ!”

ಆ ಕಡೆ ಅಂಗಡಿಯ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

“ವಿಭೂತಿ ಹಚ್ಚಬ್ಯಾಡ್ರಿ ಅಂತ ನಮ್ಮಂಥವ್ರು ಅಂದ್ರ ಅದು ಮೆಷಿನ್ನಿನ ಮಾತಾಗಿ ಉಳಿಯೂದಿಲ್ರಿ ಸುಜಾತಾ ಅವರ. ಬ್ಯಾರೆ ಮಾತಾಗ್ತೈತಿ. ಅದೂ ಅಲ್ದ, ಮಾಸ್ತರು ಮಾಡ್ತಿದ್ದದ್ದು. ನನ್ನ ಬಾಯಿಂದ ನಿಲ್ಲೂದು ಬ್ಯಾಡ ಅನಸ್ತು.”

“ನಾನು ಬ್ಯಾರೆ ತಿಳ್ಕೋತೇನಿ ಅಂತ ಅನಸ್ತೇನ್ರಿ ನಿಮಗ?”

“ಮೊದಲನೇ ದಿನ ಅನಸಿತ್ರಿ. ಆಮ್ಯಾಲ ಅನಸಲಿಲ್ಲ. ಆದ್ರ ಅಷ್ಟರಾಗ ಎರಡು ಅರಿವಿ ಹೊಲದಿದ್ದೆ.”

ಫೋನ್ ಇಟ್ಟು ಅತ್ತೆ. ಮೊದಲನೇ ದಿನ ಅವ್ವ ಕೇಳಿದ ಪ್ರಶ್ನೆಗೆ ನಾನು ನೆಲ ನೋಡಿದೆನೇ ಹೊರತು ಬಾಯಿ ಬಿಡಲಿಲ್ಲ. ಅವರು ಯಾಕೆ ಬಾಯಿ ಬಿಟ್ಟಾರು?

ಆಗಸ್ಟ್ ೨೫, ರವಿವಾರ

ಮೂರು ದಿನದಿಂದ ಇಲ್ಲೇ ಇದ್ದಾರೆ, ರಾತ್ರಿ ನಾಗನೂರಿನ ಅತ್ತೆಯ ಮನೆಯಲ್ಲಿ ಮಲಗಿ ಬೆಳಿಗ್ಗೆ ಬರುತ್ತಾರೆ. ಎಂಟನ್ನೂ ಬಿಚ್ಚಿ ನಾನು ಹಳೇ ಬಣ್ಣದ ಬ್ರಷ್ ಹಿಡಿದೆ, ಅವರು ಪಂಖ ತೊಳೆದರು. ನಾಲ್ಕನೆಯದಕ್ಕೆ ಬೇರೆ ಪಂಖ ಹಾಕಿದರು, ಎದ್ದು ಕೂತಿತು. ಎಲ್ಲಕ್ಕೂ ಹೊಸ ಅರಿವೆ, ಅಂಚು ಈ ಸಲ ನಾನು ಹೊಲಿದೆ. ಅವರ ಹೊಲಿಗೆ ನನ್ನದಕ್ಕಿಂತ ಸಣ್ಣದು, ಹಾಗಂತ ಹೇಳಲಿಲ್ಲ.

“ಈಗ ಸ್ವಚ್ಛ ಆಗ್ಯಾವ, ಮಿಂಟ್ ಹಾಕ್ತೀರೇನ್ರಿ? ಅದು ಚಂದ ಐತಿ,” ಅಂತ ಅವರೇ ಕೇಳಿದರು.

“ಬ್ಯಾಡ್ರಿ. ಇದ ಇರಲಿ.” ಬೋಳು ಮುಖದ ಆಂಟಿಎಕ್ಸ್ ಮೇಲೆ ನನಗೆ ಪ್ರೀತಿ ಬಂದುಬಿಟ್ಟಿದೆ.

ಆಗಸ್ಟ್ ೨೬, ಸೋಮವಾರ

ಶ್ರಾವಣ ಸೋಮವಾರ. ವಿಭೂತಿ ಹಿಡಿದು ಬಾಗಿಲಲ್ಲಿ ನಿಂತೆ. ಕೈಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವರು ಒಳಗಿನಿಂದ ಅಪ್ಪನ ಹಳೇ ಟೈಪ್‌ರೈಟರ್ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು. ಮೂರನೇ ನಂಬರಿನದು. ಅಟ್ಟದಿಂದ ಯಾವಾಗ ಇಳಿಸಿ ಒರೆಸಿದ್ದರೋ. ಎಡಮಗ್ಗುಲಿಗೆ ಮೂರು ಬೆರಳು ಎಳೆದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ ಹಾಗಾಯಿತು.

ತಪಾಸಣೆಯವರು ಹನ್ನೊಂದಕ್ಕೆ ಬಂದರು. ಎರಡು ತಾಸು, ಎಂಟೂ ನಡೆದವು. ಸಾತವ್ವ ನಾಲ್ಕರ ಮುಂದೆ ಕೂತಿದ್ದಳು, ಒಮ್ಮೆಯೂ ತಲೆ ಎತ್ತಲಿಲ್ಲ. ಕಾಗದಕ್ಕೆ ಸಹಿ ಬಿತ್ತು. ಕೇಂದ್ರ ಮೂಡಲಗಿಯಲ್ಲೇ ಇರುತ್ತದೆ. ಸಾತವ್ವ ಮೂರೂವರೆಯ ಬಸ್ಸಿಗೆ ಓಡುತ್ತ ಹೋದಳು, ಹೋಗುತ್ತ ಹೋಗುತ್ತ ತಿರುಗಿ ನಕ್ಕಳು.

ಅವರೂ ತಮ್ಮ ಚೀಲ ಕಟ್ಟಿದರು. “ಇನ್ನ ನನ್ನ ಕೆಲಸ ಇಲ್ರಿ ಇಲ್ಲಿ,” ಅಂದರು. ಹೌದಲ್ಲ, ಅಂದೆ.

ಸೆಪ್ಟೆಂಬರ್ ೧, ರವಿವಾರ

ಏಳಕ್ಕೇ ಎದ್ದು ಸ್ನಾನ ಮಾಡಿ ಕೂತೆ. ಯಾಕೆ ಅಂತ ಅವ್ವ ಕೇಳಲಿಲ್ಲ. ಎಂಟೂ ಮೆಷಿನ್ ಚಾಲೂ ಮಾಡಿ ನೋಡಿದೆ. ಒಂದೂ ನಿಲ್ಲಲಿಲ್ಲ. ಇಷ್ಟು ಬೇಸರದ ರವಿವಾರ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಸುಳ್ಳು ಯಾಕೆ ಬರೆಯಲಿ, ಇದನ್ನು ಓದುವವರು ಯಾರು? ಹೊತ್ತು ಹೋಗಲೆಂದು ನಾಲ್ಕನೆಯದರ ಅರಿವೆ ಬಿಚ್ಚಿ ಒಗೆದುಹಾಕಿದೆ.

ಸೆಪ್ಟೆಂಬರ್ ೨, ಸೋಮವಾರ

ಮೋಡ ಇತ್ತು, ಅರಿವೆ ಒಣಗಲಿಲ್ಲ. ಟೈಪ್‌ರೈಟರ್‌ಗೆ ವಿಭೂತಿ ಹಚ್ಚಿ ಬರುವಾಗ ನಾಲ್ಕನೆಯದರ ಹತ್ತಿರ ಕೈ ತಪ್ಪಿ ಸ್ವಲ್ಪ ಬಿತ್ತು. ಸ್ವಲ್ಪವೇ. ಸಂಜೆಗೆ ಗೊರಗೊರ ಅಂತು. ಹುಕ್ಕೇರಿಗೆ ಫೋನ್ ಮಾಡಬೇಕಾಯಿತು. ಬರುವ ರವಿವಾರ ಬಂದರೂ ನಡೆಯುತ್ತದೆ, ಅವಸರವಿಲ್ಲ ಅಂತ ಹೇಳಿದೆ.

ಸೆಪ್ಟೆಂಬರ್ ೩, ಮಂಗಳವಾರ

ಬೆಳಿಗ್ಗೆ ಏಳಕ್ಕೇ ಬಂದರು.

ಡಬ್ಬಿ ಬಿಚ್ಚುವ ಮೊದಲು ಮಗ್ಗುಲನ್ನು ನೋಡಿದರು, ಆಮೇಲೆ ನನ್ನನ್ನು.

“ಕೈ ತಪ್ಪಿ ಬಿತ್ರಿ,” ಅಂದೆ.

“ಹೌದ್ರಿ. ಮೂರೂ ಬೆರಳು ನೆಟ್ಟಗ ಬಿದ್ದಾವ.”

ಒಳಗಿನಿಂದ ಅವ್ವ ಕೆಮ್ಮಿದಳು. “ಹುಕ್ಕೇರಿ ಭಾಳ ದೂರ ಆತಪಾ ನಿನಗ. ಮೂಡಲಗ್ಯಾಗ ಅಂಗಡಿಗೆ ಜಾಗಾ ಸಿಗೂದಿಲ್ಲೇನ?” ಅಂದಳು. ನನಗೆ ಕೇಳಿಸಲೇ ಇಲ್ಲ ಅನ್ನುವ ಹಾಗೆ ಚಹಾಕ್ಕೆ ನೀರಿಟ್ಟೆ. ಅವರು “ನೋಡೂನ್ರಿ ಅವ್ವಾರ,” ಅಂದದ್ದು ಮಾತ್ರ ಕೇಳಿಸಿತು.

ಬ್ರಷ್ ತೆಗೆಯಲು ಚೀಲ ಬಿಚ್ಚಿದಾಗ ಪೆನ್‌ಡ್ರೈವ್‌ಗಳ ನಡುವೆ ಮಡಚಿಟ್ಟ ಅರಿವೆ ಕಾಣಿಸಿತು. ಒಂದನೇ ಮೆಷಿನ್ನಿನ ಹಳೇ ಅರಿವೆ. ಎಲ್ಲ ಹಳೆಯವನ್ನೂ ನಾನೇ ಒಗೆದಿದ್ದೆ, ಇದೊಂದು ಸಿಕ್ಕಿರಲಿಲ್ಲ. ನನ್ನ ಮೂರು ಬೆರಳು ಹಾಗೇ ಇದ್ದವು.

“ಅದು ಹೊಲಸಾಗೇತಿ, ತರ್ರಿ, ಒಗದ ಕೊಡ್ತೇನಿ,” ಅಂದೆ.

“ಇದ ಒಗಿಯೂದಲ್ರಿ,” ಅಂದರು. ಮತ್ತೆ ಮಡಚಿ ಒಳಗಿಟ್ಟುಕೊಂಡರು.

ನಾಳೆಯೂ ಬರುತ್ತಾರಂತೆ. ನಾಲ್ಕನೆಯದು ಇನ್ನೂ ಪೂರ್ತಿ ಸರಿಯಾಗಿಲ್ಲ.